ಸಿಕಲ್ ಸೆಲ್ ಇದ್ದರೆ ಮಲೇರಿಯಾ ಬರೋದೇ ಇಲ್ವಾ?
ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ) ಜೀನ್ ಇದ್ದವರಿಗೆ ಮಲೇರಿಯಾ ಬರುವುದೇ ಇಲ್ಲ ಅಂತ ಒಂದು ಲೇಖನದಲ್ಲಿದೆ. ಹಾಗಲ್ಲ. ಆ ಜೀನಿನ ಒಂದೇ ಪ್ರತಿ (ಅಪ್ಪ ಅಥವಾ ಅಮ್ಮ ಒಬ್ಬರಿಂದ ಮಾತ್ರ) ಇದ್ದವರಲ್ಲಿ ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾ ತೀವ್ರವಾಗುವುದು ಕಡಿಮೆ, ಅಷ್ಟೆ, ಸೋಂಕು ತಗಲುತ್ತದೆ.

ಚಿಕ್ಕಮಗಳೂರಿನ ತೋಟಗಳಿಗೆ ಕಾಫಿ ಕುಯ್ಯಲು ಅಸ್ಸಾಂ, ಜಾರ್ಖಂಡ್ ಕಡೆಯಿಂದಲೂ ಜನ ಬರುವಾಗ ಮಲೇರಿಯಾ ಚಿಕಿತ್ಸೆಗೆ ಮುಂಚೆ ನಾವು ನೋಡಬೇಕಾದ್ದು ಜಿ6ಪಿಡಿ ಕೊರತೆ, ಅಂದರೆ ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವದ ಕೊರತೆ. ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಲಿವರಿನಲ್ಲಿ ಅಡಗಿ ಮರುಕಳಿಸದಿರಲಿ ಅಂತ ಪ್ರೈಮಾಕ್ವಿನ್ ಮಾತ್ರೆ ಕೊಡುತ್ತಾರೆ, ದಿನಕ್ಕೆ ಕೆ.ಜಿ.ಗೆ 0.25 ಮಿ.ಗ್ರಾಂ., 14 ದಿನ. ಜಿ6ಪಿಡಿ ಕಮ್ಮಿ ಇದ್ದವರಲ್ಲಿ ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯುತ್ತವೆ: ಮೂತ್ರ ಡಿಕಾಕ್ಷನ್ ಬಣ್ಣ, ಕಣ್ಣು ಹಳದಿ, ಸುಸ್ತು. ಕೂಡಲೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಜಿ6ಪಿಡಿ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡಸರಿಗೆ ಅದು ಒಂದೇ ಇರುತ್ತದೆ, ಹಾಗಾಗಿ ಗಂಡಸರಲ್ಲೇ ತೊಂದರೆ ಜಾಸ್ತಿ. ಹೆಂಗಸರ ಅರೆಕೊರತೆ ಸ್ಪಾಟ್ ಟೆಸ್ಟಿನಲ್ಲಿ (ಕೊರತೆ ಇದೆಯೇ ಅಂತ ಬೇಗ ನೋಡುವ ರಕ್ತಪರೀಕ್ಷೆ) ತಪ್ಪಿಹೋಗಬಹುದು. ರಕ್ತಕಣ ಒಡೆದ ಬೆನ್ನಲ್ಲೇ ಮಾಡಿದ ಟೆಸ್ಟ್ ನಾರ್ಮಲ್ ಬಂದರೂ ನಂಬಬೇಡಿ. ಆಗ ಉಳಿದಿರುವ ಹೊಸ ಕಣಗಳಲ್ಲಿ ಕಿಣ್ವ ಹೆಚ್ಚಿರುತ್ತದೆ.