ಒಂದೇ ಚುನಾವಣೆ ಕಂಡ ಆರ್ಟೇನ್

ನಾನಿರೋದು ಡಬ್ಲಿನ್ನಿನ ಉತ್ತರ ಭಾಗದ ಆರ್ಟೇನ್‌ನಲ್ಲಿ. ಬಾಡಿಗೆ ಮನೆ. ಈ ದೇಶದ ಪೌರತ್ವ ನನಗಿಲ್ಲ, ಆದರೂ 2024ರ ಜೂನ್‌ನಲ್ಲಿ ಇಲ್ಲಿ ವೋಟು ಹಾಕಿದೆ. ಐರ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಗೆ ಮಾತ್ರ ಪೌರತ್ವ ಕೇಳುವುದಿಲ್ಲ, ಇಲ್ಲಿ ವಾಸ ಮಾಡುತ್ತಿದ್ದರೆ ಸಾಕು. ಪ್ರೈಮರಿ ಸ್ಕೂಲಿನ ಒಂದು ಕೋಣೆ, ದಾರ ಕಟ್ಟಿದ ಪೆನ್ಸಿಲ್, ಅಭ್ಯರ್ಥಿಗಳ ಫೋಟೋ ಇರುವ ಉದ್ದದ ಚೀಟಿ. ಮುದ್ರೆ ಒತ್ತುವ ಹಾಗಿಲ್ಲ, ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಊರಲ್ಲಿ ಪದವೀಧರ ಕ್ಷೇತ್ರದ ವೋಟು ಹಾಕಿದವರಿಗೆ ಇದು ಗೊತ್ತಿರುತ್ತೆ, ಪ್ರಾಶಸ್ತ್ಯದ ಮತ ಅಂತೀವಲ್ಲ, ಅದೇ. 1 ಬರೆದವರು ಸೋತು ಹೊರಬಿದ್ದರೆ ವೋಟು 2 ಬರೆದವರಿಗೆ ಹೋಗುತ್ತೆ.

ಚೀಟಿಯ ಮೇಲೆ ಕ್ಷೇತ್ರದ ಹೆಸರು ಆರ್ಟೇನ್-ವೈಟ್‌ಹಾಲ್ ಅಂತಿತ್ತು. ಸಂಜೆ ಪಕ್ಕದ ಮನೆಯ ಹಿರಿಯರಿಗೆ ಅದನ್ನೇ ಹೇಳಿದೆ. ಅವರು ನಕ್ಕು, "ಆರ್ಟೇನ್ ಹೆಸರಲ್ಲಿ ಒಂದು ಕಾಲಕ್ಕೆ ಪಾರ್ಲಿಮೆಂಟ್ ಕ್ಷೇತ್ರವೇ ಇತ್ತು ಕಣಪ್ಪಾ, ಒಂದೇ ಒಂದು ಚುನಾವಣೆ ಕಂಡು ಸತ್ತುಹೋಯಿತು" ಅಂದರು. ಅವತ್ತಿನಿಂದ ಅದರ ಹಿಂದೆ ಬಿದ್ದಿದ್ದೇನೆ.

ಕ್ಷೇತ್ರದ ಹೆಸರು ಡಬ್ಲಿನ್ ಆರ್ಟೇನ್, ಸೀಟು ಮೂರು. ಅದು ಹುಟ್ಟಿದ್ದು ಒಂದು ಲೆಕ್ಕಾಚಾರದಿಂದ, ಆ ಲೆಕ್ಕಾಚಾರ ಅರ್ಥವಾಗದೆ ಈ ಕಥೆ ಅರ್ಥವಾಗಲ್ಲ, ಸ್ವಲ್ಪ ತಾಳ್ಮೆ ಇರಲಿ.

ಇಲ್ಲಿ ಒಂದೊಂದು ಕ್ಷೇತ್ರಕ್ಕೆ ಮೂರೋ ನಾಲ್ಕೋ ಐದೋ ಸೀಟು. ಮೂರು ಸೀಟಿದ್ದರೆ ಗೆಲ್ಲಲು ಸುಮಾರು ಕಾಲುಭಾಗ ವೋಟು ಬೇಕು, ನಾಲ್ಕಿದ್ದರೆ ಐದನೇ ಒಂದು ಭಾಗ. ಒಂದು ಪಕ್ಷಕ್ಕೆ ನೂರಕ್ಕೆ 40 ವೋಟು ಬರುತ್ತೆ ಅಂದುಕೊಳ್ಳಿ. ನಾಲ್ಕು ಸೀಟಿನ ಕಡೆ ಅದಕ್ಕೆ ಎರಡು ಸೀಟು, ಅಂದರೆ ಅರ್ಧ. ಮೂರು ಸೀಟಿನ ಕಡೆ ಒಂದೇ ಒಂದು. ಅದೇ ಪಕ್ಷಕ್ಕೆ ನೂರಕ್ಕೆ 50 ಬಂದರೆ ಆಟ ತಿರುಗುಮುರುಗು. ಮೂರರಲ್ಲಿ ಎರಡು ಅದರದ್ದು, ನಾಲ್ಕರಲ್ಲೂ ಬರೀ ಎರಡೇ. ಹಾಗಾಗಿ ಒಂದು ವೋಟೂ ಕದಿಯದೆ, ಯಾವ ಊರಿಗೆ ಮೂರು, ಯಾವ ಊರಿಗೆ ನಾಲ್ಕು ಅಂತ ಕೂತು ನಿರ್ಧರಿಸಿದರೆ ಸಾಕು, ಫಲಿತಾಂಶ ತಿದ್ದಬಹುದು. ಆ ನಿರ್ಧಾರ ಆಗ ಯಾರ ಕೈಯಲ್ಲಿತ್ತು ಹೇಳಿ? ಸ್ಥಳೀಯಾಡಳಿತ ಮಂತ್ರಿಯ ಕೈಯಲ್ಲಿ!

1969ರಲ್ಲಿ ಫಿಯನಾ ಫಾಲ್ ಪಕ್ಷದ ಮಂತ್ರಿ ಕೆವಿನ್ ಬೋಲಂಡ್ ಈ ಕೈಚಳಕ ತೋರಿಸಿದರು. ತಮ್ಮ ಪಕ್ಷ ಗಟ್ಟಿಯಾಗಿದ್ದ ಪಶ್ಚಿಮದ ಹಳ್ಳಿಗಾಡಿಗೆ ಮೂರು ಸೀಟು, ತೆಳುವಾಗಿದ್ದ ಡಬ್ಲಿನ್ನಿಗೆ ನಾಲ್ಕು. ಹಿಂದಿನ ಸಲಕ್ಕಿಂತ ಕಡಿಮೆ ವೋಟು ಬಂದರೂ, ನೂರಕ್ಕೆ 46ರಷ್ಟರಲ್ಲೇ ಅವರು 144ರಲ್ಲಿ 75 ಸೀಟು ಗೆದ್ದರು. 1973ರಲ್ಲಿ ಫೀನೆ ಗೇಲ್ ಮತ್ತು ಲೇಬರ್ ಪಕ್ಷಗಳು ಕೈಜೋಡಿಸಿ, ಎರಡನೇ ಪ್ರಾಶಸ್ತ್ಯವನ್ನು ಪರಸ್ಪರ ಕೊಡಿಸಿಕೊಂಡು ಅಧಿಕಾರಕ್ಕೆ ಬಂದವು. ಲಿಯಮ್ ಕಾಸ್‌ಗ್ರೇವ್ ಪ್ರಧಾನಿ, ಲೇಬರ್ ಪಕ್ಷದ ಜೇಮ್ಸ್ ಟಲ್ಲಿ ಸ್ಥಳೀಯಾಡಳಿತ ಮಂತ್ರಿ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತಾರಲ್ಲ, ಟಲ್ಲಿ ಮಾಡಿದ್ದು ಅದನ್ನೇ. 1974ರ ಕಾಯ್ದೆಯಲ್ಲಿ ಡಬ್ಲಿನ್ನನ್ನು ಹದಿನಾಲ್ಕು ತುಂಡು ಮಾಡಿ ಹದಿಮೂರಕ್ಕೆ ಮೂರು ಮೂರು ಸೀಟು ಕೊಟ್ಟರು. ಲೆಕ್ಕ ಸರಳ: ಎದುರಾಳಿಗೆ ಒಂದು, ನಮ್ಮಿಬ್ಬರಿಗೆ ಒಂದೊಂದು. ಆರ್ಟೇನ್, ಕ್ಯಾಬ್ರಾ, ಕ್ಲಾಂಟಾರ್ಫ್, ಫಿಂಗ್ಲಸ್, ಬ್ಯಾಲಿಫರ್ಮಟ್, ರಾತ್‌ಮೈನ್ಸ್ ವೆಸ್ಟ್, ಎಲ್ಲ ಹೊಸ ಹೆಸರುಗಳು.

ಎಷ್ಟು ಪಕ್ಕಾ ಲೆಕ್ಕ ಅಂದರೆ ಪತ್ರಿಕೆಯವರಲ್ಲೂ ಜಾಸ್ತಿ ಜನ ಮೈತ್ರಿ ಸರ್ಕಾರವೇ ವಾಪಸ್ ಬರುತ್ತೆ ಅಂತ ನಂಬಿದ್ದರು.

ಆದರೆ ಟಲ್ಲಿ ಹಾಕಿದ್ದು ಹಿಂದಿನ ಚುನಾವಣೆಯ ವೋಟಿನ ಲೆಕ್ಕ. ಜನ ನಾಲ್ಕು ವರ್ಷ ಕದಲದೆ ಕೂತಿರುತ್ತಾರಾ? ತೈಲ ಬಿಕ್ಕಟ್ಟು ಬಂತು, ಬೆಲೆ ಏರಿತು, ಕೆಲಸ ಹೋಯಿತು. ಅತ್ತ ಜ್ಯಾಕ್ ಲಿಂಚ್ ನೇತೃತ್ವದ ಫಿಯನಾ ಫಾಲ್ ಮನೆ ಕಂದಾಯ ತೆಗೀತೀವಿ, ಕಾರಿನ ಟ್ಯಾಕ್ಸ್ ತೆಗೀತೀವಿ ಅಂತ ಭರವಸೆಗಳ ಮೂಟೆಯನ್ನೇ ಬಿಚ್ಚಿತು. 1977ರ ಜೂನ್ 16ಕ್ಕೆ ಮತದಾನ. ಫಿಯನಾ ಫಾಲ್‌ಗೆ ನೂರಕ್ಕೆ 50 ದಾಟಿ ವೋಟು ಬಂತು. ಮೇಲೆ ಹೇಳಿದ ಲೆಕ್ಕ ಈಗ ಮತ್ತೆ ಓದಿ. ನೂರಕ್ಕೆ 40 ಬರುವ ಪಕ್ಷವನ್ನು ಕಟ್ಟಿಹಾಕಲು ಮಾಡಿದ ಮೂರು ಸೀಟಿನ ಕ್ಷೇತ್ರ, 50 ಬಂದ ಪಕ್ಷಕ್ಕೆ ಬಂಪರ್ ಲಾಟರಿ. 148ರಲ್ಲಿ 84 ಸೀಟು! ಮೂವರು ಮಂತ್ರಿಗಳು ಸೋತರು. ಆರ್ಟೇನ್ ಪಕ್ಕದ ಕ್ಲಾಂಟಾರ್ಫ್‌ನಲ್ಲಿ ಸೋತದ್ದು ಸಾಮಾನ್ಯದವರಲ್ಲ, ಲೇಖಕ, ಮಂತ್ರಿ ಕಾನರ್ ಕ್ರೂಸ್ ಒಬ್ರಾಯನ್. ತಮಾಷೆ ಅಂದರೆ ಟಲ್ಲಿ ಮಾತ್ರ ತಮ್ಮ ಮೀತ್ ಕ್ಷೇತ್ರದಲ್ಲಿ ಆರಾಮಾಗಿ ಉಳಿದುಕೊಂಡರು, ಗುಂಡಿಗೆ ಬಿದ್ದವರು ಜೊತೆಗಾರರು. ಲಾಭಕ್ಕಾಗಿ ಕ್ಷೇತ್ರದ ಗಡಿ ತಿದ್ದುವುದಕ್ಕೆ ಇಂಗ್ಲಿಷಿನಲ್ಲಿ ಜೆರಿಮ್ಯಾಂಡರ್ ಅಂತಾರೆ, ಇವತ್ತಿಗೂ ಇಲ್ಲಿ ಇಂಥ ಎಡವಟ್ಟಿಗೆ ಟಲ್ಲಿಮ್ಯಾಂಡರ್ ಅಂತಾರೆ.

ಈಗ ಆರ್ಟೇನ್‌ಗೆ ಬರ್ತೀನಿ. ಈ ಪುಟ್ಟ ಕ್ಷೇತ್ರ ಆರಿಸಿದ ಮೂವರಲ್ಲಿ ಇಬ್ಬರನ್ನು ನೋಡಿ. ಒಬ್ಬರು ಚಾರ್ಲ್ಸ್ ಹಾಹಿ. 1970ರಲ್ಲಿ ಶಸ್ತ್ರಾಸ್ತ್ರ ಆಮದಿನ ಹಗರಣದಲ್ಲಿ ಮಂತ್ರಿಗಿರಿ ಕಳೆದುಕೊಂಡು, ಕೋರ್ಟಿನಲ್ಲಿ ಖುಲಾಸೆಯಾಗಿ, ಮೆಲ್ಲಗೆ ಪಕ್ಷದೊಳಗೆ ಮೇಲೆದ್ದು ಬಂದವರು. ಇನ್ನೊಬ್ಬರು ಡಾಕ್ಟರ್ ನೋಯೆಲ್ ಬ್ರೌನ್. ಅಪ್ಪ ಅಮ್ಮ ಇಬ್ಬರನ್ನೂ ಕ್ಷಯಕ್ಕೆ ಕಳೆದುಕೊಂಡ ಹುಡುಗ, ಮುಂದೆ 1948ರಲ್ಲಿ ಆರೋಗ್ಯ ಮಂತ್ರಿಯಾಗಿ ಕ್ಷಯದ ವಿರುದ್ಧವೇ ನಿಂತರು. ತಾಯಂದಿರಿಗೆ, ಹದಿನಾರರವರೆಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡಲು ಹೊರಟಾಗ ಬಿಷಪ್ಪರೂ ಡಾಕ್ಟರರೂ ಒಟ್ಟಿಗೆ ತಿರುಗಿಬಿದ್ದರು, 1951ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1977ರಲ್ಲಿ ಲೇಬರ್ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಸ್ವತಂತ್ರವಾಗಿ ನಿಂತು ಆರ್ಟೇನ್‌ನಲ್ಲಿ ಗೆದ್ದರು. ಟಲ್ಲಿಯ ಸ್ವಂತ ಪಕ್ಷವೇ ಬೇಡ ಅಂದ ಮನುಷ್ಯ, ಟಲ್ಲಿ ಗೀಟು ಎಳೆದ ಕ್ಷೇತ್ರದಲ್ಲಿ!

ಹಾಹಿ ಆ ಸಲ ಆರೋಗ್ಯ ಮಂತ್ರಿಯಾದರು. ಅಂದರೆ ಒಂದೇ ಕ್ಷೇತ್ರದಿಂದ ಹಾಲಿ ಆರೋಗ್ಯ ಮಂತ್ರಿ, ದೇಶದ ಅತಿ ಪ್ರಸಿದ್ಧ ಮಾಜಿ ಆರೋಗ್ಯ ಮಂತ್ರಿ. ಒಬ್ಬರು ಚರ್ಚಿನ ಎದುರು ತಲೆ ಚಚ್ಚಿಕೊಂಡವರು, ಇನ್ನೊಬ್ಬರು ಚರ್ಚಿನ ಮುಖ ನೋಡಿಕೊಂಡೇ 1979ರಲ್ಲಿ ಗರ್ಭನಿರೋಧಕಗಳನ್ನು ಡಾಕ್ಟರ ಚೀಟಿ ಇದ್ದರೆ ಮಾತ್ರ ಅನ್ನುವ ಕಾಯ್ದೆ ತಂದವರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಾಹಿ ಪ್ರಧಾನಿಯಾದರು. ಇದ್ದಿದ್ದೇ ನಾಲ್ಕು ವರ್ಷ, ಅಷ್ಟರಲ್ಲಿ ಪ್ರಧಾನಿಯನ್ನೂ ಕೊಟ್ಟುಬಿಟ್ಟ ಕ್ಷೇತ್ರ.

ಆ ನಾಲ್ಕು ವರ್ಷದ ಕೊನೆಯಲ್ಲೇ ಈ ಊರಿನ ಅತಿ ಕೆಟ್ಟ ರಾತ್ರಿ. 1981ರ ಫೆಬ್ರವರಿ 14ರ ನಡುರಾತ್ರಿ ಕಳೆದ ಮೇಲೆ, ಸ್ಟಾರ್‌ಡಸ್ಟ್ ಅನ್ನುವ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. 48 ಜನ ಸತ್ತರು, ಬಹುತೇಕ ಹುಡುಗ ಹುಡುಗಿಯರು. ಹೊರಗೆ ಹೋಗುವ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವಕ್ಕೆ ಅಡ್ಡ. ಅದೇ ವಾರಾಂತ್ಯ ಫಿಯನಾ ಫಾಲ್‌ನ ಮಹಾಧಿವೇಶನ ಇತ್ತು, ಮುಂದೂಡಿದರು. ಯಾರೋ ಬೇಕೆಂದೇ ಬೆಂಕಿ ಹಚ್ಚಿರಬಹುದು ಅಂತ ಸರ್ಕಾರಿ ತನಿಖೆ ಹೇಳಿ, ಆ ಮಾತು ಸತ್ತ ಮಕ್ಕಳ ಮೇಲೆ ವರ್ಷಗಟ್ಟಲೆ ಕೂತಿತ್ತು. 2024ರ ಏಪ್ರಿಲ್‌ನಲ್ಲಷ್ಟೇ ಜ್ಯೂರಿ, ಇದು ಕಾನೂನುಬಾಹಿರ ಹತ್ಯೆ ಅಂತ ತೀರ್ಪು ಕೊಟ್ಟಿತು, ಪ್ರಧಾನಿ ಕ್ಷಮೆ ಕೇಳಿದರು. ನಲವತ್ತಮೂರು ವರ್ಷ. ಪಕ್ಕದ ಮನೆಯವರ ಹತ್ತಿರ ಈ ಮಾತು ಎತ್ತಿದಾಗ ಅವರು ಏನೂ ಹೇಳದೆ ಕೆಟಲ್ ಆನ್ ಮಾಡಲು ಎದ್ದು ಹೋದರು. ನಾನೂ ಮತ್ತೆ ಕೇಳಲಿಲ್ಲ.

1981ರ ಜೂನ್ ಚುನಾವಣೆಯ ಹೊತ್ತಿಗೆ ಡಬ್ಲಿನ್ ಆರ್ಟೇನ್ ಇರಲಿಲ್ಲ. ಹಾಹಿ, ಬ್ರೌನ್ ಇಬ್ಬರೂ ಡಬ್ಲಿನ್ ನಾರ್ತ್ ಸೆಂಟ್ರಲ್‌ನಿಂದ ಗೆದ್ದರು.

ನನಗೆ ಟಲ್ಲಿಯ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಬೋಲಂಡ್ ಮಾಡಿದ್ದನ್ನೇ ಅವರೂ ಮಾಡಿದರು, ಸಿಕ್ಕಿಬಿದ್ದರು ಅಷ್ಟೇ. ನನಗೆ ಹಿಡಿಸಿದ್ದು ಆಮೇಲಿನದು. ಇಪ್ಪತ್ತು ಸೀಟಿನ ಬಹುಮತ ಇದ್ದ ಫಿಯನಾ ಫಾಲ್ ಸರ್ಕಾರಕ್ಕೆ ಮನಸ್ಸು ಬಂದ ಹಾಗೆ ಇನ್ನೊಂದು ನಕ್ಷೆ ಬರೆಯಬಹುದಿತ್ತು. ಬರೆಯಲಿಲ್ಲ. ಸ್ವತಂತ್ರ ಆಯೋಗ ಮಾಡಿ ಪೆನ್ಸಿಲನ್ನು ಅದರ ಕೈಗೆ ಕೊಟ್ಟರು, ಅದು ಹೇಳಿದ 166 ಸೀಟಿನ ನಕ್ಷೆಯನ್ನು 1980ರಲ್ಲಿ ಕಾಯ್ದೆ ಮಾಡಿದರು. ಅದೇ ನಕ್ಷೆಯಲ್ಲಿ 1981ರಲ್ಲಿ ಅಧಿಕಾರ ಕಳೆದುಕೊಂಡರು ಕೂಡ! ಅಲ್ಲಿಂದ ಈಚೆಗೆ ಇಲ್ಲಿ ಮಂತ್ರಿಗಳು ಗೀಟು ಎಳೆದಿಲ್ಲ. ಒಳ್ಳೆಯತನ ಅಂತೀರೋ, ಟಲ್ಲಿಗಾದ ಗತಿ ನೋಡಿ ಬಂದ ಹೆದರಿಕೆ ಅಂತೀರೋ, ನಿಮಗೆ ಬಿಟ್ಟಿದ್ದು. ನನ್ನ ಓಟು ಹೆದರಿಕೆಗೇ.

1977ರಲ್ಲಿ ಪಕ್ಕದ ಮನೆಯವರಿಗೆ ಹತ್ತೊಂಬತ್ತು ವರ್ಷ. ವೋಟಿನ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ಆ ವಯಸ್ಸಿನವರಿಗೆ ಅದೇ ಮೊದಲ ಸಾರ್ವತ್ರಿಕ ಚುನಾವಣೆ. "ನಂದೂ ಮೊದಲ ವೋಟು, ಆರ್ಟೇನ್‌ದೂ ಮೊದಲ ವೋಟು. ಅದು ಮುಂದಿನದಕ್ಕೆ ಬರಲೇ ಇಲ್ಲ" ಅಂದರು. ಯಾರಿಗೆ 1 ಬರೆದಿರಿ ಅಂತ ಕೇಳಿದೆ. ಹೇಳಲಿಲ್ಲ. ಬದಲಿಗೆ ನೀನು ಎಷ್ಟರ ತನಕ ನಂಬರ್ ಬರೆದೆ ಅಂದರು. ಮೂರಕ್ಕೆ ನಿಲ್ಲಿಸಿದೆ ಅಂದೆ. "ಛೆ, ವೇಸ್ಟ್ ಮಾಡಿದೆ. ಬೇಡದವನ ಹೆಸರು ಬರೋ ತನಕ ಬರೀತಾ ಹೋಗಬೇಕು" ಅಂತ ಬೈದು ಇನ್ನೊಂದು ಕಪ್ ಟೀ ಸುರಿದರು.