ತಲಾ ಆದಾಯದ ಪಾಠ

ಕಳೆದ ವರ್ಷ ಒಂದೇ ದಿನ ಎರಡು ಮೇಲ್ ಬಂದವು. ವಿಶ್ವವಿದ್ಯಾಲಯದ ಹತ್ತಿರ ದುಡ್ಡಿಲ್ಲ, ತಾವಾಗಿ ಕೆಲಸ ಬಿಡುವವರಿಗೆ ಇಷ್ಟು ಪರಿಹಾರ, ಯೋಚಿಸಿ ಅಂತ ಬೆಳಿಗ್ಗೆಯದು. ಕಷ್ಟಕಾಲದಲ್ಲಿ ಹುರುಪು ಉಳಿಸಿಕೊಳ್ಳುವುದು ಹೇಗೆ ಎಂಬ ಆನ್‌ಲೈನ್ ಕಾರ್ಯಾಗಾರಕ್ಕೆ ಕರೆ, ಮಧ್ಯಾಹ್ನದ್ದು. ಉತ್ತರ ಇಂಗ್ಲೆಂಡಿನಲ್ಲಿ ಪಾಠ ಮಾಡುತ್ತ ಹನ್ನೊಂದು ವರ್ಷ ಕಳೆದಿದ್ದೇನೆ, ಇಂಥದ್ದಕ್ಕೆ ಈಗ ನಗು ಬರುವುದಿಲ್ಲ.

ದಾವಣಗೆರೆಯ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ ಅವನು. ಹದಿನಾಲ್ಕು ವರ್ಷದಿಂದ ಅತಿಥಿ. "ಹೋದ್ರೆ ಟಿಎ, ಡಿಎ ಕೊಡ್ತಾರೇನಲೇ?" ಎಂದ.

ಇಲ್ಲಿನ ಬಿಕ್ಕಟ್ಟಿನ ಲೆಕ್ಕ ಸರಳ. ಸ್ಥಳೀಯ ಪದವಿ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕದ ಮಿತಿ 2017ರಿಂದ 9,250 ಪೌಂಡಿಗೇ ನಿಂತಿತ್ತು, 2025ರಲ್ಲಿ 9,535 ಆಯಿತು. ಬೆಲೆ ಏರಿಕೆ ಅಷ್ಟು ದಿನ ಕಾಯುತ್ತದೆಯೇ? ಕೊರತೆ ತುಂಬುತ್ತಿದ್ದದ್ದು ನಮ್ಮಂಥ ದೇಶಗಳ ಮಕ್ಕಳ ದುಬಾರಿ ಫೀಸು. 2024ರ ಜನವರಿಯಿಂದ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂದಾಯಿತು, ಬರುವವರು ಕಡಿಮೆಯಾದರು. ಕಾರ್ಯಾಗಾರದಲ್ಲಿ ಇದರ ಸುದ್ದಿಯೇ ಇಲ್ಲ. ನಿದ್ದೆ, ನಡಿಗೆ, ಉಸಿರಾಟ, ಅಷ್ಟೇ. ದುಡ್ಡು ಬರಿದಾದದ್ದು ಅವರ ಖಜಾನೆಯಲ್ಲಿ, ಮದ್ದು ಅರೆಯುವುದು ನನಗೆ.

2020ರ ಲಾಕ್‌ಡೌನ್ ನೆನಪಾಗುತ್ತದೆ. ಆಗ ಅತಿಥಿಗಳ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ. ಗೆಳೆಯನಿಗೆ ಅದೂ ತಿಂಗಳುಗಟ್ಟಲೆ ನಿಂತುಹೋಯಿತು. ಜಗಳೂರು ಕಡೆಯ ಊರಿಗೆ ಹೋಗಿ ಅಣ್ಣನ ಮೆಕ್ಕೆಜೋಳದ ಹೊಲದಲ್ಲಿ ಎಡೆಕುಂಟೆ ಹೊಡೆದ. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಅರ್ಥಶಾಸ್ತ್ರದ ಪಾಠ ಹೇಳಿ ವಾಟ್ಸಾಪ್‌ಗೆ ಹಾಕುತ್ತಿದ್ದ. ವಿಡಿಯೋ ಅಲ್ಲ, ಹುಡುಗರ ಡೇಟಾ ಸಾಲುವುದಿಲ್ಲ ಅಂತ ಬರೀ ಧ್ವನಿ. ಒಂದು ನನ್ನ ಹತ್ತಿರ ಈಗಲೂ ಇದೆ. ರಾಷ್ಟ್ರೀಯ ಆದಾಯದ ಪಾಠ ನಡೆದಿರುತ್ತದೆ, ನಡುವೆಯೇ "ಲೇ, ಎತ್ತು ಬೆಳಿಗೆ ಬಾಯಿ ಹಾಕ್ತಾ ಐತಿ, ನೋಡೋ!" ಎಂಬ ಕೂಗು. ಆಮೇಲೆ ಏದುಸಿರು ಬಿಡುತ್ತ, "ಹಾಂ, ಎಲ್ಲಿದ್ವಿ? ತಲಾ ಆದಾಯ." ಅವನ ತಲಾ ಆದಾಯ ಆ ತಿಂಗಳು ಸೊನ್ನೆ. ಒಬ್ಬ ಹುಡುಗಿ ನೆಟ್‌ವರ್ಕ್‌ಗಾಗಿ ಸಂಜೆ ಕೆರೆ ಏರಿ ಹತ್ತಿ ಅದನ್ನು ಇಳಿಸಿಕೊಂಡು ಅಲ್ಲಿಂದಲೇ ಪ್ರಶ್ನೆ ಕಳಿಸುತ್ತಿದ್ದಳಂತೆ. ಅವಳ ಪ್ರಶ್ನೆ ಬರುತ್ತದಲ್ಲ, ಅದಕ್ಕೇ ಮರುದಿನ ಮತ್ತೆ ಬೇವಿನ ಕೆಳಗೆ ಕೂರುತ್ತಿದ್ದೆ ಎನ್ನುತ್ತಾನೆ.

ನಾನು ಅದೇ ತಿಂಗಳುಗಳಲ್ಲಿ ಪೂರ್ತಿ ಸಂಬಳ ಎಣಿಸುತ್ತ, ಕ್ಯಾಮೆರಾ ಆರಿಸಿದ ಮೂವತ್ತು ಕಪ್ಪು ಚೌಕಗಳಿಗೆ ಪಾಠ ಹೇಳುತ್ತಿದ್ದೆ. ಪ್ಲೇಗಿನ ಕಾಲದಲ್ಲಿ ಹಳ್ಳಿಗೆ ಹೋದ ನ್ಯೂಟನ್ ಏನೆಲ್ಲ ಸಾಧಿಸಿದ ಎಂದು ಯಾರೋ ಮೇಲ್ ಬೇರೆ ಹಾಕಿದರು. ನ್ಯೂಟನ್‌ಗೆ ಯಾರೂ ಉತ್ತರಪತ್ರಿಕೆಯ ಕಟ್ಟು ಕಳಿಸಿರಲಿಲ್ಲ.

ಇಷ್ಟು ಹೇಳಿ 'ನಮ್ಮ ಕಡೆಯವರ ತ್ಯಾಗ ನೋಡಿ' ಎಂದುಬಿಟ್ಟರೆ ಹೊರನಾಡಲ್ಲಿ ಕೂತವನಿಗೆ ಸುಖ. ನನಗೆ ಬಾಯಿ ಬರುವುದಿಲ್ಲ. ಕೆರೆ ಏರಿಯ ಹುಡುಗಿ ಅವನನ್ನು ಹಿಡಿದು ನಿಲ್ಲಿಸಿದ್ದು ನಿಜ. ಅಂಥ ಹುಡುಗಿಯರನ್ನು ನಂಬಿಯೇ ಅತಿಥಿಗಳ ಪಗಾರ ತಡಮಾಡುತ್ತಾರೆ ಎನ್ನುವುದೂ ನಿಜ. 2022ರ ಜನವರಿಯಲ್ಲಿ ಗೌರವಧನ 11–13 ಸಾವಿರದಿಂದ 26–32 ಸಾವಿರಕ್ಕೆ ಏರಿದ್ದು ಬೇವಿನ ಕೆಳಗಿನ ಪಾಠಕ್ಕಲ್ಲ, ರಾಜ್ಯದ ತುಂಬ ಪಾಠ ನಿಲ್ಲಿಸಿ ಧರಣಿ ಕೂತಿದ್ದಕ್ಕೆ. ಕಾಯಂ ಮಾಡಿ ಅಂತ 2023ರ ಕೊನೆಗೆ ಮತ್ತೆ ಕೂತರು.

ನನ್ನ ಹುರುಪು ಮರಳಿದ್ದೂ ಹಾಗೆಯೇ. 2018ರ ಫೆಬ್ರವರಿ–ಮಾರ್ಚ್‌ನಲ್ಲಿ ಪಿಂಚಣಿಗಾಗಿ ಮುಷ್ಕರ ಹೂಡಿ ಹಿಮದಲ್ಲಿ ಗೇಟಿನ ಮುಂದೆ ನಿಂತೆವು. 14 ದಿನದ ಸಂಬಳ ಹೋಯಿತು. ನಾಲ್ಕು ವರ್ಷ ಒಂದೇ ಕಾರಿಡಾರಿನಲ್ಲಿ ತಲೆಯಾಡಿಸಿ ದಾಟುತ್ತಿದ್ದ ಸಹೋದ್ಯೋಗಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಡುತ್ತ ತನ್ನ ಪಾಠದ ಬಗ್ಗೆ ಮೊದಲ ಸಲ ಮಾತಾಡಿದಳು. ಆ ವಾರ ಕಲಿತಷ್ಟು ಯಾವ ಕಾರ್ಯಾಗಾರದಲ್ಲೂ ಕಲಿತಿಲ್ಲ.

ಈ ಸಲ ಊರಿಗೆ ಬಂದಾಗ ವಿದ್ಯಾನಗರದ ಅವನ ಮನೆಯಲ್ಲಿ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದೆವು. ಸೆಮಿಸ್ಟರ್ ಶುರುವಾಗಿತ್ತು, ಅತಿಥಿಗಳ ನೇಮಕದ ಆದೇಶ ಇನ್ನೂ ಬಂದಿರಲಿಲ್ಲ. ಫೋನು ಬಡಿದುಕೊಂಡಿತು. ಯಾವುದೋ ವಿದ್ಯಾರ್ಥಿನಿ.

"ನಾಳೆನಾ? ಹ್ಞೂಂ, ಬರ್ತೀನಿ ಬಾರವ್ವ, ಹತ್ತೂವರೆಗೆ."

ಅಡುಗೆಮನೆಯಿಂದ ಅವನ ಹೆಂಡತಿ ಕೇಳಿದರು: "ಆರ್ಡರ್ ಬಂತೇನ್ರಿ?"

ಅವನು ಮಿರ್ಚಿ ಮುರಿದು ಬಾಯಿಗೆ ಹಾಕಿಕೊಂಡ.