ಮೀನು ಸಿಗದ ದಿನದ ಟಿಪ್ಸ್

ಬೋಟ್ ಬಾಡಿಗೆ ಹಿಡಿದು ಸಮುದ್ರದಲ್ಲಿ ಗಾಳ ಹಾಕಲು ಹೋದವರು ಬರಿಗೈಲಿ ವಾಪಸ್ ಬಂದರೆ, ಬೋಟಿನ ಹುಡುಗನಿಗೆ ಟಿಪ್ಸ್ ಕೊಡಬೇಕಾ? ಫ್ಲೋರಿಡಾದಲ್ಲಿರುವ ನಮ್ಮಂಥ ಹಾಸನ, ಚಿಕ್ಕಮಗಳೂರು ಕಡೆಯವರು ಸೇರಿದಾಗ ಈ ಮಾತು ಬಂದೇ ಬರುತ್ತದೆ. ಊರಿಂದ ನೆಂಟರು ಬಂದಾಗಲಂತೂ ತಪ್ಪಿದ್ದಲ್ಲ. ಹೊಳೆನರಸೀಪುರದಿಂದ ಬಂದಿದ್ದ ನಮ್ಮ ಭಾವ ದಡದಲ್ಲೇ ನಿಂತು ಕೇಳಿದ್ದರು, "ಅಲ್ಲ ಕಣೋ, ಬೋಟಿಗೆ ಅಷ್ಟು ದುಡ್ಡು ಕೊಟ್ಟಾಯ್ತಲ್ಲ. ಮೀನೂ ಸಿಗ್ಲಿಲ್ಲ. ಇನ್ಯಾತಕ್ಕೆ ಇವ್ನಿಗೆ ಬೇರೆ?"

ನನ್ನ ಪ್ರಕಾರ ಕೊಡಬೇಕು, ಒಂದು ಡಾಲರೂ ಕಮ್ಮಿ ಮಾಡದೆ ಕೊಡಬೇಕು. ನಮ್ಮೂರಿನ ಜೀಪ್ ಡ್ರೈವರ್‌ಗೂ, ಹೋಮ್‌ಸ್ಟೇ ಅಡುಗೆಯವರಿಗೂ ಇದೇ ಲೆಕ್ಕ ಹಿಡಿಯಬೇಕು. ಯಾಕೆ ಅಂತ ಹೇಳುತ್ತೇನೆ.

ಫ್ಲೋರಿಡಾದ ಗಲ್ಫ್ ಕರಾವಳಿಯಲ್ಲಿ, ಅಂದರೆ ಮೆಕ್ಸಿಕೋ ಕೊಲ್ಲಿಯ ದಡದಲ್ಲಿ, ಡೆಸ್ಟಿನ್ ಅಂತ ಒಂದು ಊರಿದೆ. ಚಾರ್ಟರ್ ಬೋಟುಗಳಿಗೆ ಹೆಸರುವಾಸಿ. ಇಡೀ ಬೋಟನ್ನು ಅರ್ಧ ದಿನಕ್ಕೋ ಪೂರ್ತಿ ದಿನಕ್ಕೋ ಬಾಡಿಗೆಗೆ ಕೊಡುತ್ತಾರೆ. ಸಣ್ಣ ಬೋಟುಗಳಲ್ಲಿ ದುಡ್ಡು ಕೊಟ್ಟು ಬರುವವರು ಆರು ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಕೋಸ್ಟ್ ಗಾರ್ಡ್ ಕೊಡುವ ಲೈಸೆನ್ಸೇ ಅಷ್ಟಕ್ಕೆ. ಬೋಟ್ ಓಡಿಸೋದು ಕ್ಯಾಪ್ಟನ್. ಮಿಕ್ಕಿದ್ದೆಲ್ಲ 'ಮೇಟ್' ಅನ್ನಿಸಿಕೊಂಡ ಹುಡುಗನ ತಲೆ ಮೇಲೆ.

ಅವನ ಕೆಲಸವನ್ನು ಒಂದು ದಿನ ಸುಮ್ನೆ ಕೂತು ನೋಡಬೇಕು. ಬೆಳಕು ಹರಿಯುವ ಮೊದಲೇ ಬಂದು ಐಸು ತುಂಬಿರುತ್ತಾನೆ, ಗಾಳ ದಾರ ಎಲ್ಲ ಸರಿಮಾಡಿ ಇಟ್ಟಿರುತ್ತಾನೆ. ಗಾಳಕ್ಕೆ ಮೀನಿನ ತುಂಡು ಚುಚ್ಚಿ ಕೈಗೆ ಕೊಡೋದು ಅವನೇ. ಇಬ್ಬರ ದಾರ ಒಂದಕ್ಕೊಂದು ಸುತ್ತಿಕೊಂಡರೆ ಬಿಡಿಸೋನು ಅವನೇ. ಅಲೆಗೆ ತಲೆ ಸುತ್ತಿ ವಾಂತಿ ಮಾಡಿಕೊಂಡವರಿಗೆ ನೀರು ಕೊಟ್ಟು, ಗಾಳಿ ಬರುವ ಕಡೆ ಕೂರಿಸಿ, ಆಮೇಲೆ ಜಾಗ ತೊಳೆಯೋನೂ ಅವನೇ. ದೊಡ್ಡ ಮೀನು ಮೇಲೆ ಬಂದಾಗ ಕೊಕ್ಕೆ ಹಾಕಿ ಒಳಗೆ ಎಳೆಯುತ್ತಾನೆ. ದಡಕ್ಕೆ ಬಂದ ಮೇಲೂ ಬಿಡುವಿಲ್ಲ. ಮೇಜಿನ ಮುಂದೆ ನಿಂತು ಒಂದೊಂದೇ ಮೀನು ಸೀಳುತ್ತಾನೆ. ಕಿವಿರಿನ ಹಿಂದೆ ಚಾಕು ಇಟ್ಟು ಬಾಲದ ತನಕ ಒಂದೇ ಎಳೆತ, ಮಗುಚಿ ಹಾಕಿ ಇನ್ನೊಂದು ಎಳೆತ, ಆಮೇಲೆ ಚರ್ಮ. ಬೆರಳ ತುಂಬ ಹಳೇ ಗಾಯದ ಗುರುತು. ಮೇಜಿನ ಪಕ್ಕ ಪೆಲಿಕನ್ ಹಕ್ಕಿಗಳು ಸಾಲಾಗಿ ಕಾಯುತ್ತಿರುತ್ತವೆ. ಮುಳ್ಳು ತೆಗೆದ ಮೀನು ಚೀಲಕ್ಕೆ ಹಾಕಿಸಿಕೊಂಡು ನಾವು ಮನೆಗೆ ಹೊರಟ ಮೇಲೂ ಅವನು ಬೋಟ್ ತೊಳೆಯುತ್ತಿರುತ್ತಾನೆ.

ಬಾಡಿಗೆಯ ಮೇಲೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್ ಕೊಡೋದು ಅಲ್ಲಿಯ ವಾಡಿಕೆ. ಬಾಡಿಗೆ 1200 ಡಾಲರ್ ಅಂದುಕೊಳ್ಳಿ. ಟಿಪ್ಸ್ 180ರಿಂದ 240 ಡಾಲರ್ ಆಗುತ್ತದೆ. ಆರು ಜನ ಹಂಚಿಕೊಂಡರೆ ತಲೆಗೆ 30ರಿಂದ 40. ನೋಟು ಮೊದಲೇ ತೆಗೆದಿಟ್ಟುಕೊಂಡು, ದಡದಲ್ಲಿ ಮೇಟ್ ಕೈಗೇ ಕೊಡೋದು ಒಳ್ಳೇದು. ಎಷ್ಟೋ ಮೇಟ್‌ಗಳಿಗೆ ನಿಗದಿ ಸಂಬಳ ಅಂತ ಬರೋದು ತೀರಾ ಕಮ್ಮಿ. ಕೆಲವರಿಗೆ ಟಿಪ್ಸೇ ಸಂಬಳ.

ಹಿಡಿದ ಮೀನಿನಲ್ಲಾದರೂ ಅವನಿಗೆ ಪಾಲು ಇದೆಯಾ ಅಂದರೆ ಅದೂ ಇಲ್ಲ. ಮೀನು ಸಾಮಾನ್ಯವಾಗಿ ದುಡ್ಡು ಕೊಟ್ಟು ಬಂದವರದ್ದು. ಗಲ್ಫಿನ ಫೆಡರಲ್ ನೀರಿನಲ್ಲಿ, ಅಂದರೆ ಅಲ್ಲಿಯ ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ಸಮುದ್ರದಲ್ಲಿ, ರೆಡ್ ಸ್ನ್ಯಾಪರ್ ಮೀನು ಒಬ್ಬರಿಗೆ ದಿನಕ್ಕೆ ಎರಡು ಅಂತ ಮಿತಿ ಇದೆ. ಬಾಡಿಗೆ ಬೋಟಿನಲ್ಲಿ ದುಡಿಯುವ ಕ್ಯಾಪ್ಟನ್ ಮತ್ತು ಮೇಟ್ ಲೆಕ್ಕಕ್ಕೆ ಆ ಮೀನು ಒಂದೂ ಇಲ್ಲ. ಮೀನು ಉಳಿಸಲು ಮಾಡಿದ ನಿಯಮ ಅದು, ಸರಿಯಾದದ್ದೇ. ಆದರೆ ದಿನವಿಡೀ ಮೀನಿನ ಮಧ್ಯೆ ನಿಂತವನಿಗೆ ಮೀನಿನಲ್ಲಿ ಪಾಲಿಲ್ಲ ಅನ್ನೋದು ಮಾತ್ರ ನಿಜ.

ಇದನ್ನು ನೋಡಿದಾಗ ನನಗೆ ನೆನಪಾಗೋದು ನಮ್ಮ ಮಲೆನಾಡಿನ ಹತ್ತುಮೀನು. ಮುಂಗಾರು ಹಿಡಿದು ಹಳ್ಳಗಳು ಕೆಂಪಾಗಿ ಹರಿಯುವಾಗ ಮೀನು ನೀರಿಗೆ ಎದುರಾಗಿ ಗದ್ದೆ ಬಯಲಿನ ತನಕ ಹತ್ತುತ್ತದೆ. ರಾತ್ರಿ ಟಾರ್ಚು, ಕತ್ತಿ, ಗೋಣಿಚೀಲ ಹಿಡಿದು ಊರಿನ ಹುಡುಗರು ಹೊರಡುತ್ತಾರೆ. ಮನೆಗೆ ಬಂದ ಮೇಲೆ ಗುಡ್ಡೆ ಹಾಕಿ ಪಾಲು ಮಾಡೋದು. ಕತ್ತಿ ಬೀಸಿದವನಿಗೂ ಒಂದು ಗುಡ್ಡೆ, ಸುಮ್ನೆ ಚೀಲ ಹಿಡಿದು ನಿಂತಿದ್ದ ಚಿಕ್ಕ ಹುಡುಗನಿಗೂ ಒಂದು ಗುಡ್ಡೆ. ಜೊತೆಗೆ ಬಂದು ನೆಂದವರಿಗೆಲ್ಲ ಪಾಲುಂಟು. ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಲ್ಲ.

ಮೇಟ್‌ಗೆ ಕೊಡುವ ದುಡ್ಡನ್ನು ನಾನು ಈ ಪಾಲು ಅಂತಲೇ ಎಣಿಸುತ್ತೇನೆ. "ಹಾಗಾದ್ರೆ ಮೀನೇ ಸಿಗದ ದಿನ ಪಾಲೂ ಇಲ್ಲ, ಅಲ್ವಾ?" ಅಂತ ಭಾವ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಹತ್ತುಮೀನಿಗೆ ಹೋದಾಗ ಏನೂ ಸಿಗದಿದ್ದರೆ ಎಲ್ಲರಿಗೂ ಏನೂ ಇಲ್ಲ. ನಷ್ಟವನ್ನೂ ಎಲ್ಲರೂ ಸಮನಾಗಿ ಹೊತ್ತುಕೊಂಡಿರುತ್ತಾರೆ. ಬೋಟಿನಲ್ಲಿ ಹಾಗಿಲ್ಲ. ಮೀನು ಸಿಗಲಿ ಬಿಡಲಿ, ಬೋಟಿನ ಯಜಮಾನನಿಗೆ ಬಾಡಿಗೆ ಬಂದಾಗಿದೆ. ಡೀಸೆಲ್ ಮಾರಿದವನಿಗೂ ಬಂದಾಗಿದೆ. ನಾವು ಟಿಪ್ಸ್ ಹಿಡಿದುಕೊಂಡರೆ ಆ ದಿನದ ನಷ್ಟ ಪೂರ್ತಿ ಬೀಳೋದು ಮೇಟ್ ಒಬ್ಬನ ಮೇಲೆ. ಅದೂ ಮೀನು ಕಚ್ಚದ ದಿನ ಅವನಿಗೆ ದುಡಿಮೆ ಜಾಸ್ತಿ. ಜಾಗ ಬದಲಾಯಿಸಿದಾಗಲೆಲ್ಲ ಎಲ್ಲ ದಾರ ಮೇಲೆ ಎಳೆದು, ಮತ್ತೆ ಕಟ್ಟಿ, ಮತ್ತೆ ಇಳಿಸಬೇಕು. ಕೆಲಸ ಕದ್ದವನಿಗೆ, ಮಾತಿನಲ್ಲಿ ಮರ್ಯಾದೆ ಇಲ್ಲದವನಿಗೆ ಕಮ್ಮಿ ಕೊಡಿ, ಅದು ಬೇರೆ. ಸಮುದ್ರ ಕೊಡದಿದ್ದಕ್ಕೆ ಅವನನ್ನು ಹೊಣೆ ಮಾಡೋದು ಅನ್ಯಾಯ.

ಈಗ ನಮ್ಮೂರಿಗೆ ಬರೋಣ. ರಜೆಗೆ ಬಂದಾಗಲೆಲ್ಲ ನೋಡುತ್ತೇನೆ. ಮುಳ್ಳಯ್ಯನಗಿರಿ ಕಡೆ ಮಳೆಗಾಲದಲ್ಲಿ ಮಂಜು ಕವಿದರೆ ಎದುರಿಗಿರುವ ಮನುಷ್ಯನೂ ಕಾಣೋದಿಲ್ಲ. 1930 ಮೀಟರ್ ಎತ್ತರದ ಬೆಟ್ಟ, ಮೋಡ ನಮ್ಮ ಮಾತು ಕೇಳುತ್ತದಾ? ಝರಿ ಫಾಲ್ಸಿಗೋ ಹೆಬ್ಬೆ ಫಾಲ್ಸಿಗೋ ಜೀಪಿನಲ್ಲಿ ಹೋಗೋ ದಾರಿ ಎಂಥದ್ದು ಅಂತ ಹೋದವರಿಗೆ ಗೊತ್ತು. ಕಲ್ಲು, ಕೊರಕಲು, ಕೆಸರು. ಮಂಜಿನಲ್ಲಿ ಆ ದಾರಿಯಲ್ಲಿ ಗಾಡಿ ಓಡಿಸೋದು ಬಿಸಿಲಿನ ದಿನಕ್ಕಿಂತ ಕಷ್ಟ. ಆದರೆ ವ್ಯೂ ಚೆನ್ನಾಗಿ ಕಂಡ ದಿನ ಡ್ರೈವರ್ ಕೈಗೆ ನೂರೋ ಇನ್ನೂರೋ ಬೀಳುತ್ತದೆ. ಮಂಜಿನ ದಿನ "ಏನೂ ಕಾಣ್ಲಿಲ್ಲ ಗುರೂ" ಅಂತ ಇಳಿದು ಹೋಗುತ್ತಾರೆ. ಜೀಪು ಯಾರದ್ದೋ, ಓಡಿಸೋನು ಇನ್ಯಾರೋ ಆಗಿರೋದು ಉಂಟು. ಜೀಪಿನ ಬಾಡಿಗೆ ಮಂಜಿನ ದಿನವೂ ಒಂದು ರೂಪಾಯಿ ಕಮ್ಮಿ ಆಗೋದಿಲ್ಲ.

ಸಫಾರಿಯಲ್ಲಿ ಇದು ಇನ್ನೂ ಕೆಟ್ಟದ್ದು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೋಟ್ ಸಫಾರಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಹುಲಿ ಕಂಡರೆ ಮಾತ್ರ ಟಿಪ್ಸ್, ಹಕ್ಕಿ ಗೂಡಿನ ಹತ್ತಿರಕ್ಕೆ ಕರೆದುಕೊಂಡು ಹೋದರೆ ಮಾತ್ರ ಟಿಪ್ಸ್ ಅಂತ ನಾವೇ ಆಸೆ ತೋರಿಸಿದರೆ, ಯಾವ ಕಾಡಿನಲ್ಲೇ ಆಗಲಿ, ಗಾಡಿ ಓಡಿಸುವವರು ಪ್ರಾಣಿಯ ಮೈಮೇಲೆ ಹೋಗುವ ಹಾಗೆ ನಾವೇ ಮಾಡಿದಂತೆ. ಗಲ್ಫಿನಲ್ಲಿ 16 ಇಂಚಿಗಿಂತ ಚಿಕ್ಕ ರೆಡ್ ಸ್ನ್ಯಾಪರನ್ನು ವಾಪಸ್ ನೀರಿಗೆ ಬಿಡಬೇಕು. ಮೀನಿನ ಲೆಕ್ಕ ನೋಡಿ ಟಿಪ್ಸ್ ಕೊಡುವವರ ಎದುರಿಗೆ ಅದನ್ನು ಬಿಡೋಕೆ ಮೇಟ್‌ಗೆ ಗಟ್ಟಿ ಮನಸ್ಸು ಬೇಕು.

ಗೊರೂರು ಹಿನ್ನೀರಿನ ಕಡೆ ಸ್ವಂತ ತೆಪ್ಪ ಇಟ್ಟುಕೊಂಡು ತಾನೇ ಹುಟ್ಟು ಹಾಕುವವನ ವಿಷಯ ಬೇರೆ. ಅವನೇ ಯಜಮಾನ, ಅವನೇ ಕೆಲಸಗಾರ. ಅವನು ಹೇಳಿದ ರೇಟನ್ನು ಚೌಕಾಸಿ ಮಾಡದೆ ಕೊಟ್ಟರೆ ಸಾಕು.

ನನಗೆ ಜಾಸ್ತಿ ಸಂಕಟ ಆಗೋದು ಹೋಮ್‌ಸ್ಟೇ ಅಡುಗೆಮನೆಗಳ ವಿಷಯದಲ್ಲಿ. ಮೂಡಿಗೆರೆ ಕಡೆಯ ಒಂದು ಮನೆ. ಬೆಳಗಿನ ಜಾವವೇ ಸೌದೆ ಒಲೆ ಹಚ್ಚಿ ಇಡೀ ಗುಂಪಿಗೆ ಅಕ್ಕಿ ರೊಟ್ಟಿ ತಟ್ಟಿದ ಅಕ್ಕ ಒಳಗೇ ಇದ್ದರು. ಹೊರಗೆ ಮೇಜಿನ ಮೇಲೆ ಕ್ಯೂಆರ್ ಕೋಡ್. ಎಲ್ಲರೂ ಸ್ಕ್ಯಾನ್ ಮಾಡಿ, "ಊಟ ಸೂಪರ್" ಅಂತ ಯಜಮಾನರಿಗೆ ಹೇಳಿ ಹೊರಟರು. ಯಾರ ಜೇಬಿನಲ್ಲೂ ನೋಟಿಲ್ಲ. ಇದ್ದರೆ ತಾನೇ ಒಳಗೆ ಹೋಗಿ ಕೊಡೋದು? ಮೊದಲಾದರೆ ಚಿಲ್ಲರೆ ಅಂತಾದರೂ ಹತ್ತೋ ಇಪ್ಪತ್ತೋ ಕೈ ಬದಲಾಗುತ್ತಿತ್ತು. ಈಗ ಬಿಲ್ಲಿನ ಮೇಲೆ ಹೆಚ್ಚಿಗೆ ಹಾಕಿದರೂ ಅದು ಸೇರೋದು ಯಜಮಾನರ ಖಾತೆಗೆ.

ನಾನು ಹೋಗಿ ಕೊಟ್ಟಾಗ ಆ ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ ಬ್ಯಾಡ ಬುಡಣ್ಣ, ಯಜಮಾನ್ರು ಸಂಬ್ಳ ಕೊಡ್ತಾರೆ." ಅನ್ನ ಹಾಕಿದ ಕೈಗೆ ದುಡ್ಡು ಇಡೋದು ನಮ್ಮಲ್ಲಿ ಇಬ್ಬರಿಗೂ ಮುಜುಗರ. ಅದಕ್ಕೆ ನಮ್ಮ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ನೆಂಟರ ಮನೆಯಿಂದ ಹೊರಡುವಾಗ ಮಕ್ಕಳ ಕೈಗೆ ಕಾಸು ಕೊಡೋದಿಲ್ವಾ? "ಮಗೀಗೆ ಏನಾರ ಕೊಡ್ಸಕ್ಕ" ಅಂದೆ. ತೆಗೆದುಕೊಂಡರು. ಅಮೆರಿಕದಲ್ಲಿ ಎಷ್ಟು ವರ್ಷ ಇದ್ದರೂ ಇಷ್ಟು ನಯವಾಗಿ ಕೊಡುವ ರೀತಿಯನ್ನು ನಾನು ಅಲ್ಲಿ ಕಂಡಿಲ್ಲ.

ಅಮೆರಿಕದ ಎಲ್ಲವನ್ನೂ ಇಲ್ಲಿಗೆ ತನ್ನಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಟಿಪ್ಸ್ ಪಡೆಯುವ ಹೋಟೆಲ್ ಸರ್ವರ್‌ಗಳಂಥವರಿಗೆ ಮಾಲೀಕ ಕೊಡಲೇಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅಷ್ಟೇ ಇದೆ. ಕೆಲವು ರಾಜ್ಯಗಳು ಜಾಸ್ತಿ ಮಾಡಿವೆ, ಬೇರೆ ಮಾತು. ಮಾಲೀಕ ಕೊಡಬೇಕಾದ ಸಂಬಳವನ್ನು ಗಿರಾಕಿಯ ತಲೆಗೆ ಕಟ್ಟುವ ಆ ಪದ್ಧತಿ ನಮಗೆ ಖಂಡಿತ ಬೇಡ. ಹೋಟೆಲ್ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದು ಅಂತ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು. ಸಂಬಳ ಮಾಲೀಕರ ಜವಾಬ್ದಾರಿ, ಅದರ ಮೇಲಿನ ಪಾಲು ನಮ್ಮದು.

ಊರಲ್ಲಿ ನೂರಕ್ಕೆ ಇಷ್ಟು ಅನ್ನೋ ಲೆಕ್ಕ ಕೂರೋದಿಲ್ಲ. ನಾನು ಜೀಪಿಗೆ ಹತ್ತುವ ಮೊದಲೇ ಗುಂಪಿನಿಂದ 300 ರೂಪಾಯಿ ಎತ್ತಿ ಬೇರೆ ಇಡುತ್ತೇನೆ, ಮಂಜು ಇರಲಿ ಬಿಸಿಲಿರಲಿ. ಹೋಮ್‌ಸ್ಟೇ ಆದರೆ ರೂಮಿಗೆ ದಿನಕ್ಕೆ 200, ಅಡುಗೆಯವರಿಗೂ ಗುಡಿಸುವವರಿಗೂ ಹಂಚಿ. ಈಗ ಎಷ್ಟೋ ತೋಟಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರೂ ಇರುತ್ತಾರೆ. ಅವರಿಗೆ ಕನ್ನಡ ಬರೋದಿಲ್ಲ ಅಂತ ಬಿಟ್ಟು ಹೋಗಬೇಡಿ.

ಹೋಮ್‌ಸ್ಟೇ ನಡೆಸುವ ನಮ್ಮವರಲ್ಲೂ ಒಂದು ಕೇಳಿಕೆ. ಬುಕಿಂಗ್ ಮೆಸೇಜಿನಲ್ಲಿ, ಊಟ, ಚೆಕ್‌ಔಟ್ ಟೈಮ್ ಬರೆಯುವ ಕಡೆ, ಕೆಲಸದವರಿಗೆ ಏನಾದರೂ ಕೊಡುವುದಿದ್ದರೆ ಸ್ವಲ್ಪ ನೋಟು ತನ್ನಿ ಅಂತ ಒಂದು ಸಾಲು ಸೇರಿಸಿ. ಡಬ್ಬಿ ಇಡುವುದಾದರೆ ಕ್ಯೂಆರ್ ಕೋಡ್ ಪಕ್ಕ ಬೇಡ, ಅಡುಗೆಮನೆ ಬಾಗಿಲ ಹತ್ತಿರ ಇಡಿ. ವಾರಕ್ಕೊಮ್ಮೆ ಎಲ್ಲರ ಎದುರಿಗೇ ತೆಗೆದು ಗುಡ್ಡೆ ಹಾಕಿ ಹಂಚಿ.